ಅಮ್ಮನ ಅಂಗಿ ಸಡಿಲವಾದಾಗ

ಟೈಲರ್ ಮಾಸ್ಟರ್ ಕೈ ಅಂದರೆ ಆ ಬೀದಿಯಲ್ಲಿ ಎರಡು ಮಾತಿಲ್ಲ. ಅವರು ಹೊಲಿದದ್ದು ಮೈಗೆ ಕೂರಲಿಲ್ಲ ಎಂದು ವಾಪಸ್ ತಂದವರನ್ನು ಯಾರೂ ಕಂಡಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಅವರ ತಾಯಿಯ ಮಂಚ. ತಾಯಿ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಮಗನ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಮನೆಯಲ್ಲಿ ಒಂದೇ ಕಾನೂನು.

"ಅಮ್ಮಾ, ನೀನು ಮಂಚ ಬಿಟ್ಟು ಏಳ್ಬೇಡ. ಏನ್ ಬೇಕಾದ್ರೂ ಒಂದು ಕೂಗು ಹಾಕು, ನಾನು ಓಡಿ ಬರ್ತೀನಿ."

ಪಾಪ, ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯಿಂದ ಮಾಡಿದ ತಪ್ಪನ್ನು ಯಾರೂ ತಿದ್ದುವುದಿಲ್ಲ ನೋಡಿ, ಅದೇ ಕಷ್ಟ.

ಕೆಲವು ದಿನಕ್ಕೆ ಅಮ್ಮನ ಅಂಗಿ ಸಡಿಲವಾಯಿತು. ಮಾಸ್ಟರ್ ಎರಡೂ ಪಕ್ಕ ಹಿಡಿದು ಹೊಲಿದುಕೊಟ್ಟರು. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದರು. "ನೋಡೇ, ಹೆಂಗೆ ಕೂತಿದೆ!" ಎಂದು ಹೆಂಡತಿಗೆ ತೋರಿಸಿ ಬೀಗಿದರು ಬೇರೆ.

ಒಂದು ಬೆಳಿಗ್ಗೆ ಸೊಸೆ ಕಾಫಿ ಹಿಡಿದು ಹೋದರೆ, ಹಿಂದಿನ ಸಂಜೆಯವರೆಗೂ ನಗುನಗುತ್ತಾ ಹರಟಿದ್ದ ಅತ್ತೆ ಅವಳನ್ನೇ ದಿಟ್ಟಿಸಿ, "ನೀವ್ಯಾರಮ್ಮಾ?" ಎಂದರು. ಬೆರಳುಗಳು ಸುಮ್ಮನೆ ಹೊದಿಕೆಯನ್ನು ಕೀಳುತ್ತಿದ್ದವು. ಕಣ್ಣು ತೆರೆದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

"ರೀ, ಬೇಗ ಬನ್ರೀ! ಅತ್ತೆ ಏನೇನೋ ಮಾತಾಡ್ತಿದಾರೆ. ನಂಗ್ಯಾಕೋ ಭಯ ಆಗ್ತಿದೆ."

ಮಾಸ್ಟರ್ ಬಂದು ನೋಡಿದರು. ಧೈರ್ಯದವರಂತೆ, "ವಯಸ್ಸಾಯ್ತಲ್ಲ ಕಣೇ. ಅರವತ್ತಕ್ಕೆ ಅರಳು ಮರಳು ಅಂತಾರೆ, ಅಮ್ಮಂಗೆ ಎಂಬತ್ತು ದಾಟಿದೆ," ಎಂದರು.

ಸೊಸೆಗೆ ಸಮಾಧಾನವಾಗಲಿಲ್ಲ. ಪಕ್ಕದ ಮನೆಗೆ ಓಡಿದಳು. ಅಲ್ಲಿರುವ ನರ್ಸಕ್ಕ ದೊಡ್ಡಾಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡುವವರು. ಡ್ಯೂಟಿಗೆ ಹೊರಟಿದ್ದವರು ಹಾಗೆಯೇ ಬಂದರು. ಅಮ್ಮನ ಹಣೆ ಮುಟ್ಟಿದರು, ನಾಲಿಗೆ ನೋಡಿದರು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು.

"ಯಾವಾಗಿಂದ ಹೀಗೆ?"

"ನಿನ್ನೆ ಸಂಜೆ ಚೆನ್ನಾಗೇ ಇದ್ರು ಅಕ್ಕಾ."

"ಮಾಸ್ಟ್ರೇ, ಅರಳು ಮರಳು ಹೀಗೆ ಒಂದೇ ದಿನಕ್ಕೆ ಬರಲ್ಲ. ದಿಢೀರ್ ಅಂತ ಗೊಂದಲ ಆದ್ರೆ ಅದು ವಯಸ್ಸಲ್ಲ, ಕಾಯಿಲೆ. ಈಗ್ಲೇ ಹೊರಡಿ."

ಮಾಸ್ಟರ್ ಕದಲಲಿಲ್ಲ. "ಆಸ್ಪತ್ರೇಲಿ ಸೂಜಿ ಚುಚ್ಚಿ, ಪೈಪು ಹಾಕಿ ಹಿಂಸೆ ಕೊಡ್ತಾರೆ. ಈ ವಯಸ್ಸಲ್ಲಿ ಯಾಕೆ ಆ ನರಳಾಟ? ನೆಮ್ಮದಿಯಾಗಿ ಮಲ್ಗಿರ್ಲಿ ಬಿಡಿ."

"ಇದು ನೆಮ್ಮದಿನಾ? ಮುಖ ನೋಡಿ ಹೇಳಿ!" ನರ್ಸಕ್ಕನಿಗೆ ಸಿಟ್ಟೇ ಬಂತು. ಹೊದಿಕೆ ಸರಿಸಿದಾಗ ಅಂಗಿಯ ಪಕ್ಕದ ಹೊಲಿಗೆ ಕಣ್ಣಿಗೆ ಬಿತ್ತು. ಒಂದರ ಪಕ್ಕ ಒಂದು ಸಾಲುಸಾಲು ಹೊಲಿಗೆ. "ಇದನ್ನ ಎಷ್ಟು ಸಲ ಹಿಡಿದ್ರಿ?"

"ಲೆಕ್ಕ ಇಟ್ಟಿಲ್ಲ. ಅಮ್ಮ ಸ್ವಲ್ಪ ಸಣ್ಣ ಆಗಿದಾರೆ, ಅಷ್ಟೇ."

"ನಿಮ್ಮ ಗಿರಾಕಿ ಯಾರಾದ್ರೂ ಬಂದಾಗೆಲ್ಲ ಹೀಗೆ ಮೈ ಇಳೀತಾ ಇದ್ರೆ ಏನಂತೀರಿ?"

"ಮೊದ್ಲು ಡಾಕ್ಟ್ರಿಗೆ ತೋರ್ಸ್ಕೊಳಿ ಅಂತೀನಿ." ಅಂದವರೇ ಮಾಸ್ಟರ್ ಹಣೆ ಚಚ್ಚಿಕೊಂಡರು. ಗಾಡಿ ಕರೆಯಲು ಓಡಿದರು.

ನರ್ಸಕ್ಕ ಸೊಸೆಗೆ ಹೇಳಿದರು: "ಮನೇಲಿ ಅವ್ರು ತಗೊಳೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕು, ನೆಗಡಿ ಮಾತ್ರೇನೂ ಬಿಡ್ಬೇಡ. ಕನ್ನಡಕ, ಹಲ್ಲಿನ ಸೆಟ್ಟು ತಗೋ. ಕಣ್ಣು ಕಾಣ್ದೆ, ಊಟ ಅಗಿಯಕ್ಕಾಗ್ದೆ ಇದ್ರೆ ಗೊಂದಲ ಇನ್ನೂ ಜಾಸ್ತಿ ಆಗತ್ತೆ."

ನರ್ಸಕ್ಕನ ಆಸ್ಪತ್ರೆಯಲ್ಲೇ ಡಾಕ್ಟರಮ್ಮ ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ಸೋಂಕು. ಮೈಯಲ್ಲಿ ನೀರಿನಂಶವೇ ಇಲ್ಲ. ಮಾತ್ರೆ ಚೀಲ ಸುರಿದರೆ, ಒಂದೇ ಬಿಪಿ ಮಾತ್ರೆ ಎರಡು ಹೆಸರಲ್ಲಿ; ಇಬ್ಬರು ಡಾಕ್ಟರು ಬರೆದದ್ದು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಜೊತೆಗೆ ನಿದ್ದೆ ಮಾತ್ರೆ.

"ಇದನ್ಯಾರು ಬರೆದಿದ್ದು?"

"ಒಬ್ಬ ಗಿರಾಕಿ... ಅವರ ಮನೇಲಿ ಉಳಿದಿತ್ತಂತೆ. ಅಮ್ಮಂಗೆ ನಿದ್ದೆ ಬರ್ತಿರ್ಲಿಲ್ಲ, ಅದಕ್ಕೆ..."

"ಇಡೀ ದಿನ ಮಲಗ್ಸಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರತ್ತೆ? ಈ ವಯಸ್ಸಿಗೆ ಈ ಮಾತ್ರೆ ತಲೆ ಮಂಕು ಮಾಡತ್ತೆ, ಎದ್ರೆ ಬೀಳ್ಸತ್ತೆ."

"ಉಳೀತಾರಾ ಡಾಕ್ಟ್ರೇ?"

"ಪ್ರಯತ್ನ ಮಾಡ್ತಿದೀವಿ. ಈಗ್ಲೇ ಹೇಳಕ್ಕಾಗಲ್ಲ."

ಅಮ್ಮನಿಗೆ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಸೊಸೆ ಅತ್ತೆಗೆ ಕನ್ನಡಕ ಹಾಕಿ, "ನಾನು ನಿಮ್ಮ ಸೊಸೆ. ಇದು ಆಸ್ಪತ್ರೆ. ಇವತ್ತು ಮಂಗಳವಾರ," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಮ್ಮ ಅವಳ ಕೈ ತಳ್ಳುತ್ತಿದ್ದರು. ಮಗ ಬಾಗಿಲ ಬಳಿ ನಿಂತು, ಈ ಕಾಯಿಲೆಯನ್ನು ನಾನೇ ಹೊಲಿದೆನೇನೋ ಎಂದು ಒಳಗೊಳಗೇ ಬೇಯುತ್ತಿದ್ದರು.

ಗುರುವಾರ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು ಮಗನನ್ನು ನೋಡಿದರು. "ಯಾಕೋ ಹೀಗಾಗಿದೀಯಾ? ಊಟ ಮಾಡ್ದ್ಯಾ?"

ಅಷ್ಟು ದೊಡ್ಡ ಗಂಡಸು ವಾರ್ಡಿನ ಮಧ್ಯೆ ನಿಂತು ಬಿಕ್ಕಿ ಬಿಕ್ಕಿ ಅತ್ತರು.

ಸಂಜೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತರು. "ನೀವ್ಯಾಕೆ ನೀರೇ ಕುಡೀತಿರ್ಲಿಲ್ಲ?"

"ಅಮ್ಮಂಗೆ ನೀರು ಅಂದ್ರೆ ಮೊದ್ಲಿಂದ್ಲೂ ಅಷ್ಟಕ್ಕಷ್ಟೇ..." ಮಾಸ್ಟರ್ ಬಾಯಿ ಹಾಕಿದರು.

"ನಿಮ್ಮನ್ನ ಕೇಳ್ಲಿಲ್ಲ ಮಾಸ್ಟ್ರೇ. ಅವ್ರು ಹೇಳ್ಲಿ."

ಅಮ್ಮ ಮಗನ ಮುಖ ನೋಡಿದರು. "ನೀರು ಕುಡಿದ್ರೆ ಬಚ್ಚಲಿಗೆ ಹೋಗ್ಬೇಕು. ಹೋಗ್ಬೇಕಂದ್ರೆ ಇವ್ನನ್ನ ಕೂಗ್ಬೇಕು. ಪಾಪ, ಮಿಷನ್ ನಿಲ್ಸಿ ಓಡಿ ಬರ್ತಾನೆ. ಹೊರಗೆ ಗಿರಾಕಿ ಕಾಯ್ತಿರ್ತಾರೆ. ಅದಕ್ಕೇ... ಬಾಯಾರಿದ್ರೂ ತಡ್ಕೋತಿದ್ದೆ."

"ನಿಮಗೆ ಏನಾಗ್ಬೇಕು ಅಮ್ಮಾ?" ಡಾಕ್ಟರಮ್ಮ ಕೇಳಿದರು.

"ನನ್ನ ಕಾಲ್ಮೇಲೆ ನಾನು ಬಚ್ಚಲಿಗೆ ಹೋಗಿ ಬಂದ್ರೆ ಸಾಕು ತಾಯೀ."

ಮರುದಿನವೇ ನರ್ಸಕ್ಕ ಹಿಡಿದು ನಡೆಯುವ ವಾಕರ್ ತಂದು ಅಮ್ಮನನ್ನು ನಿಲ್ಲಿಸಿದರು. "ಅಯ್ಯಯ್ಯೋ, ಬಿದ್ಬಿಡ್ತಾರೆ!" ಎಂದು ಮಾಸ್ಟರ್ ಹಾರಿ ಬಂದರು.

"ಮಲಗಿ ಮಲಗಿಯೇ ಕಾಲಿನ ಶಕ್ತಿ ಹೋಗಿರೋದು. ಪಕ್ಕದಲ್ಲಿ ನಿಲ್ಲಿ. ಎತ್ಕೋಬೇಡಿ."

ಮಾಸ್ಟರ್ ಎರಡೂ ಕೈ ಚಾಚಿ, ಮುಟ್ಟದೆ, ಉಸಿರು ಬಿಗಿಹಿಡಿದು ಜೊತೆಗೆ ನಡೆದರು. ಅಮ್ಮ ತಡವರಿಸಿದಾಗೆಲ್ಲ ಅವರ ಕೈ ಇನ್ನಷ್ಟು ಹತ್ತಿರ ಬರುತ್ತಿತ್ತು. ಅಮ್ಮ ಬಚ್ಚಲ ಬಾಗಿಲು ಮುಟ್ಟಿ ತಿರುಗಿ, "ನೀನು ಆಚೆಗೇ ಇರೋ," ಎಂದರು.

ಈಗ ಮನೆಯ ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಇದೆ, ಕಾಲು ಜಾರದ ಚಾಪೆ ಇದೆ. ಎಲ್ಲಾ ಮಾತ್ರೆಯನ್ನೂ ಒಬ್ಬರೇ ಡಾಕ್ಟರು ನೋಡುತ್ತಾರೆ. ಅಮ್ಮ ಮೊದಲಿನಷ್ಟು ಗಟ್ಟಿಯಾಗಿಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೆ ಊಟಕ್ಕೆ ಎದ್ದು ಬಂದು ಎಲ್ಲರ ಜೊತೆ ಕೂರುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ವಯಸ್ಸಾದ ಜೀವ ಇರಬಹುದು. ಮೈ ಇಳಿಯುತ್ತಿದ್ದರೆ, ದಿಢೀರನೆ ಏನೇನೋ ಮಾತಾಡಿದರೆ, ಮಂಪರು ಹತ್ತಿದರೆ 'ವಯಸ್ಸಾಯ್ತು ಬಿಡಿ' ಅನ್ನಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ, ನಿಲ್ಲಿಸಲೂ ಬೇಡಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ನೀರು ಎಷ್ಟು ಎಂದೂ ಡಾಕ್ಟರನ್ನೇ ಕೇಳಿ. ಇವತ್ತೇ ಒಂದು ಕೆಲಸ ಮಾಡಿ. ಆ ಹಿರಿಯ ಜೀವದ ಪಕ್ಕ ಕೂತು, "ಬಚ್ಚಲಿಗೆ ಹೋಗಿ ಬರೋಕೆ ಕಷ್ಟ ಆಗ್ತಿದ್ಯಾ?" ಎಂದು ಕೇಳಿ. "ಏನಿಲ್ಲ ಹೋಗು, ನಿನ್ನ ಕೆಲಸ ನೋಡ್ಕೋ," ಅಂತಾರೆ. ಎದ್ದು ಹೋಗಬೇಡಿ. ಇನ್ನೊಂದು ಸಲ ಕೇಳಿ.