ಹುರುಳಿ ಹರಡಿದ ದಾರಿ

ಊರಿನ ರಸ್ತೆ ಹಿಂದೂಪುರದ ಹೆದ್ದಾರಿಗೆ ಕೂಡುವಲ್ಲಿ ಎಡಕ್ಕೊಂದು ಪಕ್ಕದ ದಾರಿ ಮಾಡಿಕೊಟ್ಟಿದ್ದರು. ಗಾಡಿಗಳು ಅದರಲ್ಲಿ ಸ್ವಲ್ಪ ದೂರ ಓಡಿ, ವೇಗ ಹಿಡಿದು, ಹಿಂದೆ ನೋಡಿಕೊಂಡು ಹೆದ್ದಾರಿ ಸೇರಬೇಕು. ಊರಿನವರ ಲೆಕ್ಕದಲ್ಲಿ ಮಾತ್ರ ಅದು ಸರ್ಕಾರ ಪುಕ್ಕಟೆ ಹಾಕಿಸಿಕೊಟ್ಟ ಕಣ! ಸುಗ್ಗಿ ಬಂತೆಂದರೆ ಸಾಕು, ಟಾರ್ಪಾಲು ಹಾಸಿ, ಹುರುಳಿ ಹರಡಿ, ಸುತ್ತ ದಪ್ಪ ಕಲ್ಲಿಟ್ಟು ಕೂರುತ್ತಿದ್ದರು. ಉಡುಸಲಮ್ಮನ ಟಾರ್ಪಾಲು ಎಲ್ಲರಿಗಿಂತ ಮುಂದೆ, ದಾರಿಯ ಬಾಯಲ್ಲೇ.

ಅವಳ ಮಗಳು ಧನಲಕ್ಷ್ಮಿ ಲಗೇಜು ಆಟೋದಲ್ಲಿ ಹುಣಸೆಹಣ್ಣನ್ನು ಹಿಂದೂಪುರದ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದಳು. ಊರಲ್ಲಿ ಸ್ಟೇರಿಂಗು ಹಿಡಿದ ಹೆಣ್ಣೆಂದರೆ ಅವಳೊಬ್ಬಳೇ.

"ಅಮ್ಮ, ದೊಡ್ಡ ರೋಡ್ನಾಗೆ ಬರೋನಿಗೇ ಮೊದ್ಲು ದಾರಿ ಕಣಮ್ಮ. ನಾವು ಪಕ್ಕದಾಗೆ ಓಡ್ಕಂಡೋಗಿ ಸಂದಿ ನೋಡಿ ಸೇರ್ಕಬೇಕು. ನೀನು ಕಲ್ಲಿಟ್ರೆ ನಾನೆಲ್ಲಿ ಓಡ್ಸಲಿ?"

"ಅಷ್ಟುದ್ದ ರೋಡಿರೋವಾಗ ನನ್ನ ಹುರುಳಿನೇ ಕಣ್ಣಿಗೆ ಬಿತ್ತೇನೇ? ನಾಕು ದಿನ ತಡ್ಕೋ, ಎತ್ಬುಡ್ತೀನಿ."

ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ಮಗಳ ಮಾತಿಗೆ ಮಾತ್ರ ಕಿವುಡು.

ಮೂರನೇ ದಿನ ಮಧ್ಯಾಹ್ನ ಧಡಾರೆಂದು ಸದ್ದಾಗಿ, ಟಾರ್ಪಾಲಿನ ಪಕ್ಕ ತೂಕಡಿಸುತ್ತಿದ್ದ ಉಡುಸಲಮ್ಮ ಬೆಚ್ಚಿ ಎದ್ದಳು. ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಹಾರನ್ ಸಿಕ್ಕಿಕೊಂಡು ಬಡಕೊಳ್ಳುತ್ತಲೇ ಇತ್ತು. ಆಚೆಗೆ ಏನು ಬಿದ್ದಿದೆಯೋ ಕಾಣಲಿಲ್ಲ. ಮಗಳು ಬೆಳಿಗ್ಗೆಯೇ ಹೋಗಿದ್ದಳು. ಎರಡನೇ ಲೋಡಿಗೆ ಅವಳು ಬೇರೆ ದಾರಿಯಲ್ಲಿ ಊರಿಗೆ ಬಂದು, ತುಂಬಿಕೊಂಡು ಮತ್ತೆ ಹೊರಟದ್ದು ಉಡುಸಲಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಹೊಳೆದದ್ದು ಒಂದೇ: ಪೊಲೀಸರು ಬರುತ್ತಾರೆ, ಹುರುಳಿ ಕಂಡರೆ ಕೇಸು ಹಾಕುತ್ತಾರೆ. ಪಕ್ಕದ ಟಾರ್ಪಾಲಿನ ಓಬುಳಪತಿಯನ್ನೂ ಕೂಗಿ ಎಬ್ಬಿಸಿದಳು. ಇಬ್ಬರೂ ಸೇರಿ ಕಲ್ಲುಗಳನ್ನೆತ್ತಿ ಚರಂಡಿಗೆ ಹಾಕಿದರು, ಟಾರ್ಪಾಲು ಮುದುರಿದರು. ಉದುರಿದ ಕಾಳನ್ನೂ ಬಿಡದೆ ಗುಡಿಸಿದರು. ಆಮೇಲೆ ಯಾರೋ ಓಡಿ ಬಂದು, "ಅಕ್ಕಾ, ನಿಮ್ಮ ಧನ ಕಣಕ್ಕಾ!" ಎಂದರು.

ಹಿಂದೂಪುರದ ಆಸ್ಪತ್ರೆಯಲ್ಲಿ ಧನಲಕ್ಷ್ಮಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಾಲು ತೆಗೆದ ನಾಲ್ಕನೇ ದಿನ ಪೊಲೀಸಿನವನು ಬಂದ. ಅಪಘಾತದ ದಿನ ಅಲ್ಲಿ ತೆಗೆದ ಫೋಟೋವನ್ನು ಫೋನಿನಲ್ಲಿ ತೋರಿಸಿದ. ಪಕ್ಕದ ದಾರಿ ಹಬ್ಬದ ಅಂಗಳದ ಹಾಗೆ ಚೊಕ್ಕಟವಾಗಿತ್ತು.

"ಏಮ್ಮಾ, ಇಷ್ಟು ದಾರಿ ಖಾಲಿ ಇಟ್ಕಂಡು ನೆಟ್ಟಗೆ ಲಾರಿ ಮುಂದಕ್ಕೇ ನುಗ್ಸಿದ್ಯಲ್ಲ? ತಪ್ಪು ನಿಂದೇ ಆಯ್ತದೆ."

ಧನಲಕ್ಷ್ಮಿ ತಾಯಿಯ ಮುಖ ನೋಡಿದಳು.

ಬಾಗಿಲ ಬಳಿ ನಿಂತಿದ್ದ ಓಬುಳಪತಿ, "ಹೆಣ್ಣು ಗಾಡಿ ಹಿಡಿದ್ರೆ ಇನ್ನೇನಾಯ್ತದೆ ಸಾರ್," ಎಂದ. ನಾಚಿಕೆಗೆಟ್ಟವನು! ಅವನ ಹುರುಳಿಯೂ ಅಲ್ಲೇ ಒಣಗಿತ್ತು.

ಪೊಲೀಸಿನವನು ಉಡುಸಲಮ್ಮನ ಕಡೆ ತಿರುಗಿದ. "ನೀನೇಳಮ್ಮ, ಅಲ್ಲೇ ಇದ್ದೆಯಂತಲ್ಲ. ದಾರಿಗೆ ಏನಾದ್ರೂ ಅಡ್ಡ ಇತ್ತಾ?"

ಇತ್ತು ಎಂದರೆ ಮಗಳ ಹೆಸರು ಉಳಿಯುತ್ತಿತ್ತು. ಆದರೆ ಜೈಲಿಗೆ ಹಾಕಿಬಿಟ್ಟರೆ ಎಂದು ಉಡುಸಲಮ್ಮ ಹೆದರಿದಳು.

"ಖಾಲಿನೇ ಇತ್ತು ಸಾರ್."

ಅವನು ಬರೆದುಕೊಂಡು ಹೋದ. ಓಬುಳಪತಿಯೂ ಮೆಲ್ಲಗೆ ಜಾರಿಕೊಂಡ. ಉಡುಸಲಮ್ಮ ಮಂಚದ ಕಂಬಿ ಹಿಡಿದು ಗೊಳೋ ಎಂದು ಅತ್ತಳು. "ನೀನಂತ ಗೊತ್ತಿರ್ಲಿಲ್ಲ ಕಣೇ. ಗೊತ್ತಾಗಿದ್ರೆ ಹುರುಳಿ ಹಾಳಾಗ್ಲಿ ಅಂತ ಓಡ್ಬತ್ತಿದ್ದೆ."

ಧನಲಕ್ಷ್ಮಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಲಾರಿ ಚಕ್ರದ ಸಂದಿನಾಗೆ ನೀನು ಕಾಣ್ತಿದ್ದೆ ಕಣಮ್ಮ. ಅಮ್ಮಾ, ಅಮ್ಮಾ ಅಂತ ಕೂಗ್ದೆ. ನೀನು ಕಾಳು ಗುಡಿಸ್ತಿದ್ದೆ."