ಇದ್ದುದರಲ್ಲೇ ಹಬ್ಬ

ಹಬ್ಬದ ವಿಶೇಷಾಂಕದಲ್ಲಿ ಕೆಲವು ಪುಟ ನನ್ನ ಪಾಲಿಗೆ ಬಂದವು. ಮನೆಯಲ್ಲೇ ಸಿಗುವ ವಸ್ತುಗಳಿಂದ ಅಲಂಕಾರ, ಒಲೆ ಹಚ್ಚದೆ ಮಾಡುವ ಸಿಹಿ. ಅಗ್ಗವಾಗಿರಬೇಕು, ಸುಲಭವಾಗಿರಬೇಕು. ಶೀರ್ಷಿಕೆಯನ್ನು ಸಂಪಾದಕಿ ಆಗಲೇ ಇಟ್ಟಾಗಿತ್ತು.

"ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಮೊಟ್ಟೆ ಟ್ರೇ ಕತ್ತರಿಸೋಕೆ ಹೇಳ್ತಿದೀನಿ ಅಂತ ಬೇಜಾರು ಮಾಡ್ಕೋಬೇಡಮ್ಮ," ಎಂದರು. "ನಿನಗೂ ಹೊತ್ತು ಹೋದ ಹಾಗಾಗುತ್ತೆ."

ಗಂಡ ಸತ್ತವಳ ಹೊತ್ತು ಹೇಗೆ ಹೋಗುತ್ತದೆಂದು ಊರಿಗೆಲ್ಲ ಚಿಂತೆ. ಆಯಿತು ಎಂದೆ.

ಫೋಟೋಗಳನ್ನು ನಮ್ಮ ಮನೆಯಲ್ಲೇ ತೆಗೆಯುವುದೆಂದೂ ಅವರೇ ತೀರ್ಮಾನಿಸಿದರು. ಸ್ಟುಡಿಯೋ ದುಬಾರಿ. "ನಿಮ್ಮ ಹಾಲ್‌ನಲ್ಲಿ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತೆ!" ಅವರು ನಮ್ಮ ಮನೆಗೆ ಬಂದಿದ್ದು ಒಂದೇ ಸಲ, ಗಂಡ ತೀರಿಕೊಂಡ ವಾರ, ಸಮಾಧಾನ ಹೇಳಲು. ಅಷ್ಟರಲ್ಲೇ ಕಿಟಕಿಯನ್ನೂ ನೋಡಿಕೊಂಡು ಹೋಗಿದ್ದರು.

ಅತ್ತೆಯನ್ನು ಕೇಳದೆ ಒಪ್ಪುವಂತಿರಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಯಾವ ಮಾತನ್ನೂ ಎಳೆಯುವುದಿಲ್ಲ.

"ಮಾಡ್ಕೋ," ಎಂದರು. "ನಾನು ಅವತ್ತು ಮಗಳ ಮನೆಗೆ ಹೋಗಿರ್ತೀನಿ. ಆದ್ರೆ ಅವನದ್ದು ಏನನ್ನೂ ಯಾರೂ ಮುಟ್ಟಬಾರದು."

"ಇಲ್ಲ ಅತ್ತೆ."

"ಮುಟ್ಟಿದ್ದು ಗೊತ್ತಾದ್ರೆ ಅಲ್ಲೇ ಉಳಿದುಬಿಡ್ತೀನಿ. ಅವಳೂ ಬಾ ಬಾ ಅಂತಾನೇ ಇದ್ದಾಳೆ."

ಇದು ಬರೀ ಬೆದರಿಕೆಯಲ್ಲ. ನಾದಿನಿ ಅವರಿಗಾಗಿ ಒಂದು ಕೋಣೆ ಖಾಲಿ ಮಾಡಿಸಿಟ್ಟಿದ್ದಳು. ಅವರು ಹೊರಟರೆ ತಡೆಯಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಅವನದ್ದು ಎಂದರೆ ಹೆಚ್ಚೇನೂ ಉಳಿದಿರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ. ಅಂಗಿ, ಪ್ಯಾಂಟು, ಬೂಟುಗಳನ್ನು ಅತ್ತೆಯೇ ಯಾರುಯಾರಿಗೋ ಕೊಟ್ಟರು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಉಳಿಯಿತು. ಅವರು ಕೈಯಾರೆ ಹೆಣೆದ ಬೂದು ಬಣ್ಣದ ಸ್ವೆಟರ್ ಉಳಿಯಿತು. ಅದು ನನ್ನ ಬೀರುವಿನಲ್ಲಿ, ನನ್ನ ಬಟ್ಟೆಗಳ ಕೆಳಗಿತ್ತು. ಅತ್ತೆ ಸಂಜೆ ವಾಕಿಂಗ್ ಹೋದಾಗ ನಾನು ಅದನ್ನು ಹಾಕಿಕೊಂಡು ಕೂರುತ್ತಿದ್ದೆ. ಗೇಟಿನ ಸದ್ದಾದರೆ ತೆಗೆದು ಮಡಚಿಡುತ್ತಿದ್ದೆ. ಅಳುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದೆ, ಅಷ್ಟೆ.

ಇನ್ನೂ ಒಂದು ಉಳಿದಿತ್ತು. ಅತ್ತೆ ಮಗನನ್ನು ಮರಿ ಎಂದು ಕರೆಯುತ್ತಿದ್ದರು. ಅವನ ನೆತ್ತಿಯ ಕೂದಲು ಉದುರಲು ಶುರುವಾದ ಮೇಲೂ ಮರಿಯೇ. ನಾನು ಹಾಗೆ ಕರೆದವಳಲ್ಲ. ಅದು ಅವರ ಸ್ವತ್ತು. ಈಗಲೂ ಸಾರಿಗೆ ಉಪ್ಪು ಜಾಸ್ತಿಯಾದರೆ "ಮರಿ ಇದ್ದಿದ್ರೆ ತಟ್ಟೆ ತಳ್ಳಿ ಏಳ್ತಿದ್ದ" ಎನ್ನುವರು. ಅವನು ಆ ಮನೆಯಲ್ಲಿ ಇದ್ದನೆಂಬುದಕ್ಕೆ ನನ್ನ ಹೊರತು ಇನ್ನೊಂದು ಸಾಕ್ಷಿ ಆ ದನಿ. ಅದು ನಾದಿನಿಯ ಮನೆಗೆ ಹೋಗುವುದು ನನಗೆ ಬೇಡವಾಗಿತ್ತು.

ಕೆಲಸ ಶುರು ಮಾಡಿದೆ. ಮೊಟ್ಟೆ ಟ್ರೇಯ ಗುಳಿಗಳನ್ನು ಕತ್ತರಿಸಿ ಅಂಚು ಬಿಡಿಸಿದರೆ ಹೂವಾಗುತ್ತದೆ. ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ ಅಂಟಿಸಿದರೆ ನಕ್ಷತ್ರ. ಬಲೂನು ಊದಿ, ಮೈದಾ ಅಂಟಿನಲ್ಲಿ ಅದ್ದಿದ ದಾರವನ್ನು ಅದಕ್ಕೆ ಅಡ್ಡಾದಿಡ್ಡಿ ಸುತ್ತಬೇಕು. ಒಣಗಿದ ಮೇಲೆ ಬಲೂನನ್ನು ಚುಚ್ಚಿ ತೆಗೆಯಬೇಕು. ಗೋಳ ನಿಲ್ಲುತ್ತದೆ.

ಅತ್ತೆ ದಾರ ಬಿಡಿಸಿ ಕೊಟ್ಟರು. "ಇಷ್ಟು ಕಷ್ಟಪಟ್ಟು ಸುಲಭ ಅಂತ ಬರೀತೀಯಾ?" ಎಂದರು.

"ಹೂಂ."

"ಬರಿ ಬರಿ. ಮಾಡೋರು ಬೈಕೊಳ್ಳಲಿ."

ಫೋಟೋ ತೆಗೆಯುವ ದಿನ ಅವರು ಬಟ್ಟೆಯ ಚೀಲ ಹಿಡಿದು ಬೆಳಗ್ಗೆಯೇ ಹೊರಟರು. ಹೋಗುವಾಗ ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟರು. ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ಆಫೀಸಿನ ವ್ಯಾನಿನಲ್ಲಿ ಮೂವರು ಬಂದರು: ಫೋಟೋಗ್ರಾಫರ್, ರಿಸೆಪ್ಷನಿಸ್ಟ್, ವ್ಯಾನಿನ ಡ್ರೈವರ್. ಹೊಸದಾಗಿ ಮದುವೆಯಾದ ಜೋಡಿ ಮೊದಲ ಹಬ್ಬಕ್ಕೆ ಮನೆ ಸಿಂಗರಿಸುತ್ತಿದೆ ಎಂಬುದು ಚಿತ್ರ. ರಿಸೆಪ್ಷನಿಸ್ಟ್ ಹೆಂಡತಿ. ಗಂಡನಾಗಬೇಕಿದ್ದವನು ಫೋಟೋಗ್ರಾಫರನ ಗೆಳೆಯ. ನೆಗಡಿಯಾಗಿ ಮೂಗು ಕೆಂಪಗಾಗಿದೆಯೆಂದು ಫೋನು ಮಾಡಿ ತಪ್ಪಿಸಿಕೊಂಡ.

"ಹಾಗಾದ್ರೆ ಅವಳೊಬ್ಬಳದ್ದೇ ತೆಗೀರಿ," ಎಂದೆ.

ಫೋಟೋಗ್ರಾಫರ್ ಸಂಪಾದಕಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. "ಒಬ್ಬಳೇ ಕೂತ್ಕೊಂಡು ನಕ್ಷತ್ರ ಕಟ್ಟಿದ್ರೆ ನೋಡೋರಿಗೆ ಅಯ್ಯೋ ಪಾಪ ಅನ್ಸುತ್ತೆ ಕಣ್ರೀ," ಎಂದಿತು ದನಿ. "ಹಬ್ಬದ ಮನೇಲಿ ಗಂಡ ಅಂತ ಒಬ್ಬ ಬೇಡ್ವಾ?" ಆಮೇಲೆ ಸ್ವಲ್ಪ ತಡೆದು, "ನಿನಗೆ ಅಂದಿದ್ದಲ್ಲಮ್ಮ."

"ಗೊತ್ತು ಮೇಡಂ."

ಉಳಿದವನು ಡ್ರೈವರ್. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಿವಿ ಅಗಲ, ಮಾತು ಕಡಿಮೆ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದನಂತೆ. "ನಾನಾ?" ಎಂದ.

"ಗಂಡ ಆಗೋಕೆ ಏನೂ ಬರಬೇಕಾಗಿಲ್ಲ ಕಣೋ," ಎಂದಳು ರಿಸೆಪ್ಷನಿಸ್ಟ್. "ನಮ್ಮನೆಯವರನ್ನ ನೋಡು. ಕೂತಿರ್ತಾರೆ. ಅಷ್ಟೇ ಕೆಲಸ."

ಅವನು ಖಾಕಿಯಲ್ಲಿದ್ದ. ಜೇಬಿನ ಮೇಲೆ ಪತ್ರಿಕೆಯ ಹೆಸರು.

"ಯೂನಿಫಾರ್ಮ್ ಹಾಕ್ಕೊಂಡು ಹಬ್ಬ ಮಾಡೋ ಗಂಡ ಯಾರಿದ್ದಾನೆ?" ಎಂದ ಫೋಟೋಗ್ರಾಫರ್. "ಮನೇಲಿ ಗಂಡಸರ ಬಟ್ಟೆ ಏನಾದ್ರೂ..." ರಿಸೆಪ್ಷನಿಸ್ಟ್ ಮೊಣಕೈಯಿಂದ ತಿವಿದಳು. ಅವನು ಮಾತು ನುಂಗಿ ಕ್ಯಾಮೆರಾದ ಲೆನ್ಸ್ ಒರೆಸತೊಡಗಿದ.

ಬೆಳಕು ಜಾರುತ್ತಿತ್ತು. ಮಾಡಿಟ್ಟ ಗೋಳಗಳು ಮೇಲಿನಿಂದ ತೂಗುತ್ತಿದ್ದವು. ಎಲ್ಲರೂ ನನ್ನನ್ನು ನೋಡದಿರಲು ಕಷ್ಟಪಡುತ್ತಿದ್ದರು. ಅತ್ತೆ ಬರುವುದು ಸಂಜೆಗೆ. ಅಷ್ಟರಲ್ಲಿ ಮುಗಿಸಿ ಮಡಚಿಟ್ಟರೆ ಯಾರಿಗೂ ಗೊತ್ತಾಗದು. ಪತ್ರಿಕೆ ಅಚ್ಚಾಗಿ ಬಂದಾಗ ಒಂದು ಪ್ರತಿ ಮನೆಗೆ ತರದಿದ್ದರಾಯಿತು. ಹೀಗೆಲ್ಲ ಲೆಕ್ಕ ಹಾಕಿ ನಾನೇ ಒಳಗೆ ಹೋಗಿ ಸ್ವೆಟರ್ ತಂದೆ. ಯಾರೂ ಒತ್ತಾಯಿಸಲಿಲ್ಲ.

ಅದರ ಒಂದು ತೋಳು ಉದ್ದ. ಡ್ರೈವರ್ ಹಾಕಿಕೊಂಡು ಅದನ್ನು ಮಣಿಕಟ್ಟಿನ ಹತ್ತಿರ ಒಂದು ಸುತ್ತು ಮಡಚಿದ. ನನ್ನ ಗಂಡನೂ ಹಾಗೇ ಮಡಚುತ್ತಿದ್ದ. ತೋಳು ಉದ್ದವಾದರೆ ಯಾರಾದರೂ ಮಡಚುತ್ತಾರೆ.

ಒಂದು ಸಲ ಮಾತು ತಪ್ಪಿದ ಮೇಲೆ ಕುರ್ಚಿ ತಿರುಗಿಸುವುದೇನು ದೊಡ್ಡದು? ಅದನ್ನೂ ತಿರುಗಿಸಿದೆ.

ಸಿಹಿಯನ್ನು ಫೋಟೋಗ್ರಾಫರ್ ತನ್ನ ರೀತಿಯಲ್ಲಿ ಸಜ್ಜುಗೊಳಿಸಿದ. ಬಿಸ್ಕತ್ತು ಪುಡಿಗೆ ಹಾಲು, ಕೋಕೋ ಸೇರಿಸಿ ನಾನು ಉಂಡೆ ಕಟ್ಟಿದ್ದೆ. ತಿನ್ನಲು ಚೆನ್ನಾಗಿತ್ತು, ಫೋಟೋದಲ್ಲಿ ಮಣ್ಣಿನ ಮುದ್ದೆಯಂತೆ ಕಂಡಿತು. ಅದಕ್ಕೆ ಹೊಳಪು ಬರಲೆಂದು ಹೇರ್ ಸ್ಪ್ರೇ ಹೊಡೆದ. ಕೆನೆ ಕರಗುತ್ತದೆಂದು ಮೇಲೆ ಶೇವಿಂಗ್ ಫೋಮ್ ಇಟ್ಟ. ತಟ್ಟೆ ಈಗ ಅಂಗಡಿಯ ಗಾಜಿನೊಳಗಿನದರಂತಿತ್ತು.

"ಇದನ್ನ ಯಾರೂ ತಿನ್ಬೇಡಿ," ಎಂದ. ಡ್ರೈವರ್ ಆಗ ಕೆಳಗೆ ವ್ಯಾನ್ ಸರಿಸಿ ನಿಲ್ಲಿಸಲು ಹೋಗಿದ್ದ.

ಥರ್ಮಾಕೋಲ್ ಹಾಳೆಗೆ ಬೇಗಡೆ ಸುತ್ತಿದ ಹಲಗೆಯೊಂದನ್ನು ನನ್ನ ಕೈಗೆ ಕೊಟ್ಟರು. ಕಿಟಕಿಯ ಬೆಳಕನ್ನು ಅದರಿಂದ ಅವರಿಬ್ಬರ ಮುಖದ ಮೇಲೆ ಬೀಳಿಸಬೇಕು. ಬೀಳಿಸಿದೆ. ರಿಸೆಪ್ಷನಿಸ್ಟ್ ನಕ್ಷತ್ರ ಹಿಡಿದು ನಕ್ಕಳು. ಡ್ರೈವರ್ ಕುರ್ಚಿಯಲ್ಲಿ ಕೂತು ನಗಲು ನೋಡಿದ. "ಹಲ್ಲುನೋವಾ ನಿನಗೆ?" ಎಂದ ಫೋಟೋಗ್ರಾಫರ್. "ಮನೆ ಊಟ ನೆನೆಸ್ಕೋ."

ಅದು ಅವನಿಗೆ ಬೇರೆಯೇ ರೀತಿ ಕೇಳಿಸಿರಬೇಕು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಫೋಟೋಗ್ರಾಫರ್ ಲೆನ್ಸ್ ಬದಲಿಸಲು ತಿರುಗಿದ ಹೊತ್ತಿಗೆ ತಟ್ಟೆಗೆ ಕೈಹಾಕಿ ಒಂದು ಉಂಡೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡ.

ಆಗಲೇ ಬಾಗಿಲಲ್ಲಿ ಕೀಲಿ ತಿರುಗಿತು. ಅತ್ತೆ ನಿಂತಿದ್ದರು. "ಅವಳ ಮನೇಲಿ ಬಣ್ಣ ಹೊಡೆಸ್ತಿದ್ದಾರೆ, ವಾಸನೆಗೆ ತಲೆ ಸಿಡಿದು..." ಎನ್ನುತ್ತಿದ್ದವರು ಕಿಟಕಿಯತ್ತ ತಿರುಗಿದರು.

ಕಿಟಕಿಯ ಪಕ್ಕ, ಮಗನ ಕುರ್ಚಿಯಲ್ಲಿ, ಮಗನ ಸ್ವೆಟರಿನಲ್ಲಿ ಒಬ್ಬ. ಬಾಯಿಯ ಸುತ್ತ ಬಿಳಿ ನೊರೆ. ನುಂಗಲೂ ಆಗದೆ ಉಗಿಯಲೂ ಆಗದೆ ಕಣ್ಣಲ್ಲಿ ನೀರು.

ನಾನು ಹಲಗೆಯನ್ನು ಕೆಳಗಿಳಿಸಲಿಲ್ಲ. ಅವರು ಕಿರುಚುವುದನ್ನು ಕಾದೆ.

ಅತ್ತೆ ಚೀಲವನ್ನು ಅಲ್ಲೇ ಬಿಟ್ಟು ನೇರ ಅವನ ಹತ್ತಿರ ಹೋದರು. ಗಲ್ಲದ ಕೆಳಗೆ ಅಂಗೈ ಒಡ್ಡಿದರು.

"ಉಗಿ."

ಅವನು ಬಿಡುಗಣ್ಣಾಗಿ ನೋಡಿದ.

"ಉಗಿ ಅಂದ್ನಲ್ಲ, ಮರಿ."

ಅವನು ಅವರ ಅಂಗೈಗೆ ಉಗಿದ.

ಬಾಯಿ ಮುಕ್ಕಳಿಸಲು ನೀರು ಕೊಟ್ಟರು. ಬೆನ್ನು ಸವರಿದರು. ಫೋಟೋಗ್ರಾಫರನಿಗೆ "ಹೊಟ್ಟೆಗೆ ಹಾಕೋ ಪದಾರ್ಥಕ್ಕೆ ಗಡ್ಡದ ನೊರೆ ಹಚ್ತೀಯಲ್ಲ, ನಿನಗೇನಾದ್ರೂ ತಲೆ ನೆಟ್ಟಗಿದ್ಯಾ?" ಎಂದು ಬೈದರು. ಅವನು ಕ್ಷಮೆ ಕೇಳಿದ. "ನನ್ನನ್ನ ಯಾಕೆ ಕೇಳ್ತೀಯ, ಈ ಹುಡುಗನ್ನ ಕೇಳು," ಎಂದು ಅಡುಗೆಮನೆಗೆ ಹೋದರು. ನಾನು ಹಿಂದೆ ಹೋದೆ.

ಅವರು ಬಾಣಲೆ ಇಟ್ಟು ಮೊಟ್ಟೆ ಒಡೆಯುತ್ತಿದ್ದರು.

"ಅತ್ತೆ, ನಾನು ಮಾತು ತಪ್ಪಿದೆ."

"ನೋಡಿದೆ."

"ನೀವೇ ಮುಟ್ಟಬೇಡ ಅಂದಿದ್ರಿ."

"ಅಂದಿದ್ದೆ. ಬ್ರೆಡ್ ಎಲ್ಲಿಟ್ಟಿದೀಯ?"

ತೆಗೆದುಕೊಟ್ಟೆ. ಅವರು ನನ್ನ ಮೇಲೆ ಸಿಟ್ಟಾಗಲಿ ಎಂದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವರು ಮೊಟ್ಟೆ ಮಗುಚಿದರು.

"ಪರವಾಗಿಲ್ಲ, ಅವನಿಗೆ ಸರಿಯಾಗೇ ಕೂತಿದೆ," ಎಂದರು. "ಬೀರುವಲ್ಲಿದ್ದು ಏನು ಮಾಡ್ತಿತ್ತು ಅದು? ನುಸಿ ತಿನ್ನೋದಕ್ಕಿಂತ ಮನುಷ್ಯ ಹಾಕ್ಕೊಳ್ಳಲಿ."

ಅದು ಏನು ಮಾಡುತ್ತಿತ್ತೆಂದು ನಾನು ಹೇಳಲಿಲ್ಲ.

ಅವನು ತಿನ್ನುವಾಗ ಅತ್ತೆ ಎದುರಿಗೆ ಕೂತರು. ತಿನ್ನುವವನನ್ನು ನೋಡುತ್ತ ಕೂರುವುದು ಅವರಿಗೆ ಹೊಸದಲ್ಲ. ಬಹಳ ದಿನದಿಂದ ಆಗಿರಲಿಲ್ಲ, ಅಷ್ಟೆ. ನಾನು ಬೇಗ ಉಣ್ಣುತ್ತೇನೆ.

"ಈ ತೋಳು ಉದ್ದ ಮಾಡಿಬಿಟ್ಟೆ ನೋಡು. ಟಿವಿ ನೋಡ್ತಾ ಹೆಣೆದಿದ್ದು," ಎಂದು ಅವನ ಮಡಿಕೆಯನ್ನು ಸರಿಮಾಡಿದರು.

"ಬೆಚ್ಚಗಿದೆ ಅಮ್ಮ."

"ಉಣ್ಣೆ ಅಂದ್ಮೇಲೆ ಮತ್ತೇನು. ನಿನಗಿದ್ಯಾ ಸ್ವೆಟರ್?"

"ಇಲ್ಲ."

"ಬೆಳಗಿನ ಚಳೀಲಿ ವ್ಯಾನ್ ಓಡಿಸ್ತೀಯ! ಇಟ್ಕೋ."

ಅವನು ನನ್ನ ಕಡೆ ನೋಡಿದ. ಅಲ್ಲಿದ್ದವರಲ್ಲಿ ನೋಡಿದವನು ಅವನೊಬ್ಬನೇ. ಬೇಡ ಎನ್ನಲು ನನಗೆ ಒಂದು ಕಾರಣ ಬೇಕಿತ್ತು. ಹೆಣೆದವರು ಅವರು, ಮಗ ಅವರವನು, ಬೀರುವಿನಿಂದ ತೆಗೆದು ಕೊಟ್ಟವಳು ನಾನು. "ಇಟ್ಕೊಳ್ಳಿ," ಎಂದೆ.

ಮರಿ ಎನ್ನುವುದು ಹೆಸರಲ್ಲ. ಯಾರನ್ನು ಬೇಕಾದರೂ ಹಾಗೆ ಕರೆಯಬಹುದು. ಇಷ್ಟು ವರ್ಷ ಭಾಷೆ ಓದಿ ಬರೆದವಳಿಗೆ ಅದು ಅವತ್ತು ತಿಳಿಯಿತು.

ಫೋಟೋಗ್ರಾಫರ್ ಮೆತ್ತಗೆ ಬಂದ. "ಅಮ್ಮ, ನೀವೂ ಕೂತ್ಕೊಂಡ್ರೆ ಫ್ಯಾಮಿಲಿ ಪೂರ್ತಿ ಆಗುತ್ತೆ."

"ನನ್ನದೆಂಥ ಫೋಟೋ, ಹೋಗಪ್ಪ," ಎಂದರು. ಒಳಗೆ ಹೋಗಿ ತಲೆ ಬಾಚಿಕೊಂಡು ಬಂದರು.

ಡ್ರೈವರ್ ಕುರ್ಚಿಯಲ್ಲಿ, ರಿಸೆಪ್ಷನಿಸ್ಟ್ ಅದರ ಹಿಂದೆ, ಅತ್ತೆ ಪಕ್ಕದ ಸ್ಟೂಲಿನ ಮೇಲೆ. ಮೇಲೆ ನಾನು ಮಾಡಿದ ಗೋಳಗಳು, ಸುತ್ತ ನಾನು ಮಾಡಿದ ಹೂವುಗಳು. ನಾನು ಹಲಗೆ ಹಿಡಿದೆ.

"ಮರಿ, ನೆಟ್ಟಗೆ ಕೂತ್ಕೋ. ಬೆನ್ನು ಯಾವಾಗ ನೋಡಿದ್ರೂ ಬಿಲ್ಲು," ಎಂದರು ಅತ್ತೆ. ಅವರು ಅವನನ್ನು ನೋಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅವನು ನೆಟ್ಟಗಾದ. ರಿಸೆಪ್ಷನಿಸ್ಟ್ ಏನೋ ಅಂದಳು, ಅತ್ತೆ ನಕ್ಕರು. ಗಟ್ಟಿಯಾಗಿ, ಕುತ್ತಿಗೆ ಹಿಂದಕ್ಕೆ ಹಾಕಿ. ಮಗ ಹೋದ ಮೇಲೆ ನಾನು ಆ ನಗು ಕೇಳಿರಲಿಲ್ಲ. ನನ್ನ ಜೊತೆಗಿದ್ದು ಅದು ಬಂದಿರಲಿಲ್ಲ.

"ಮೇಡಂ, ಸ್ವಲ್ಪ ಹಿಂದೆ ಹೋಗ್ತೀರಾ? ನಿಮ್ಮ ನೆರಳು ಅವರ ಮೇಲೆ ಬೀಳ್ತಿದೆ."

ಹಿಂದೆ ಸರಿದೆ.

"ಇನ್ನೂ ಸ್ವಲ್ಪ. ಇನ್ನೂ."

ಬೆನ್ನಿಗೆ ಬಾಗಿಲು ತಾಗಿತು. "ಹಾಂ, ಈಗ ಸರಿಯಾಯ್ತು," ಎಂದ.

ವ್ಯಾನ್ ಹೋದ ಮೇಲೆ ನಾನು ಏಣಿ ಹತ್ತಿ ಗೋಳಗಳನ್ನು ಬಿಚ್ಚತೊಡಗಿದೆ.

"ಇರಲಿ ಬಿಡು, ಹಬ್ಬ ಇನ್ನೂ ಮುಂದಿದೆ," ಎಂದರು ಅತ್ತೆ. "ನಾನು ಮಗಳ ಮನೆಗೆ ಹೋಗಲ್ಲ. ಆ ಹುಡುಗನಿಗೆ ಹಬ್ಬದ ಊಟಕ್ಕೆ ಬಾ ಅಂದಿದೀನಿ. ಅವನಿಗೂ ಯಾರೂ ಇಲ್ಲ."

"ಸರಿ ಅತ್ತೆ."

"ಯಾಕೆ ಮುಖ ಹಾಗೆ? ಇಲ್ಲೇ ಇರ್ತೀನಿ ಅಂದ್ನಲ್ಲ."

"ಗೊತ್ತಾಯ್ತು."

ಅವರು ಮಗಳ ಮನೆಯಿಂದ ತಂದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಅವುಗಳ ಜಾಗದಲ್ಲಿಟ್ಟರು. ನಾನು ಬಯಸಿದ್ದು ಇದನ್ನೇ. ಏಣಿಯಿಂದ ಇಳಿದೆ.

"ಅವನಿಗೆ ಏನು ಸೇರುತ್ತೋ ಏನೋ," ಎಂದರು ಒಳಗಿನಿಂದ. "ನಾಳೆ ಆಫೀಸಿಗೆ ಹೋಗ್ತೀಯಲ್ಲ, ಮರೀದೆ ಕೇಳ್ಕೊಂಡು ಬಾ."

ಕೇಳುತ್ತೇನೆ ಎಂದೆ.