ಇಲಿಗೆ ಕೊಟ್ಟ ಮದ್ದು

ಓಕ್‌ಬುನ್ ಹಿತ್ತಲಲ್ಲಿ ಬಿದ್ದು ಮುಂಗೈ ಮುರಿದುಕೊಂಡ ಸುದ್ದಿಯನ್ನು ಪಕ್ಕದ ಮನೆಯ ಮಲ್‌ಸುನ್ ಫೋನಿನಲ್ಲಿ ಹೇಳಿದಾಗ, ಮಗ ತೇಗ್ಯು ದೇಜಾನ್ ಪಟ್ಟಣದ ತನ್ನ ಪ್ರಯೋಗಾಲಯದಲ್ಲಿ ಇಲಿಗಳ ತೂಕ ನೋಡುತ್ತಿದ್ದ. ಬಿದ್ದದ್ದಕ್ಕಿಂತ ದೊಡ್ಡ ಸುದ್ದಿಯನ್ನು ಮಲ್‌ಸುನ್ ಕೊನೆಗೆ ಇಟ್ಟುಕೊಂಡಿದ್ದಳು.

"ನಿಮ್ಮಮ್ಮ ನಡುಕದ ಮಾತ್ರೆ ನುಂಗೋದು ಬಿಟ್ಟು ತಿಂಗಳುಗಟ್ಟಲೆ ಆಯ್ತು ಕಣಪ್ಪ. ಅಕ್ಕಿ ಡಬ್ಬದಲ್ಲಿ ಪೊಟ್ಟಣಗಳು ಹಾಗೇ ಬಿದ್ದಿವೆ. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಗೊತ್ತಿರಲಿಲ್ಲ. ಕಪ್ಪು ನೆರಳುಬಟ್ಟೆ ಹೊದ್ದ, ಮದ್ದಿನ ಬೇರು ಜಿನ್ಸೆಂಗ್ ಬೆಳೆಯುವ ಹೊಲಗಳ ನಡುವೆ ಊರಿನತ್ತ ಕಾರು ಓಡಿಸುತ್ತ, ಈ 'ಗೊತ್ತಿರಲಿಲ್ಲ' ಎಂಬುದು ಎಷ್ಟರಮಟ್ಟಿಗೆ ನಿಜ ಎಂದು ತನ್ನನ್ನೇ ಕೇಳಿಕೊಂಡ.

ಓಕ್‌ಬುನ್ ಗುಮ್‌ಸಾನ್ ಪೇಟೆಯಲ್ಲಿ ಜಿನ್ಸೆಂಗ್ ಹೆರೆದೇ ಮಗನನ್ನು ಓದಿಸಿದವಳು. ಬಿದಿರಿನ ಚೂರಿಯಿಂದ ಬೇರಿನ ಸಿಪ್ಪೆ ಹೆರೆದು, ಎಳೆಬೇರು ಒಂದೂ ಮುರಿಯದ ಹಾಗೆ ಸುರುಳಿ ಸುತ್ತಿ ಒಣಗಿಸುವುದರಲ್ಲಿ ಅವಳದು ಎತ್ತಿದ ಕೈ. ಪಾರ್ಕಿನ್ಸನ್ ಕಾಯಿಲೆ ಬಂದು ಆ ಕೈಯೇ ನಡುಗತೊಡಗಿದಾಗ ಪೇಟೆಯ ಹೆಂಗಸರು, "ತೇಗ್ಯುನಮ್ಮಾ, ನೀನು ಸುಮ್ನೆ ಕೂತ್ಕೊಂಡು ಹರಟೆ ಹೊಡಿ, ಸಾಕು" ಎಂದು ನಯವಾಗಿ ಚೂರಿ ಕಿತ್ತುಕೊಂಡಿದ್ದರು.

ಇಂಥ ಊರಿನ ಹುಡುಗ ಅದೇ ಬೇರಿನಿಂದ ಅದೇ ಕಾಯಿಲೆಗೆ ಮದ್ದು ಹುಡುಕುತ್ತಿದ್ದಾನೆಂದರೆ ಊರು ಬಿಟ್ಟೀತೇ? ವಸಂತದಲ್ಲಿ ವೃದ್ಧರ ಸಭಾಮನೆಗೆ ಅವನನ್ನು ಕರೆಸಿ ಭಾಷಣ ಮಾಡಿಸಿತು. ವಿಷ ಕೊಟ್ಟು ಇಲಿಗಳಿಗೆ ಕಾಯಿಲೆ ಬರಿಸುತ್ತೇವೆ, ಜಿನ್ಸೆಂಗ್ ಸತ್ವ ತಿಂದ ಇಲಿಗಳ ಮಿದುಳಿನ ಜೀವಕೋಶಗಳು ಸಾಯದೆ ಉಳಿಯುತ್ತವೆ, ಅವು ತಿರುಗುವ ಕೋಲಿನ ಮೇಲೂ ಬೀಳದೆ ನಡೆಯುತ್ತವೆ ಎಂದು ತೇಗ್ಯು ಹೇಳಿದ. ಚಪ್ಪಾಳೆ ಬಿತ್ತು. ಅದು ಜಿನ್ಸೆಂಗಿನದೇ ಕೆಲಸ ಅಂತ ಹೇಗೆ ಗೊತ್ತು ಎಂದು ಹಿಂದಿನಿಂದ ಒಬ್ಬ ಮುದುಕ ಕೆಣಕಿದಾಗ, "ಬೇರೆ ಏನೂ ಕೊಡಲ್ಲ ತಾತ. ಎರಡು ಮದ್ದು ಒಟ್ಟಿಗೆ ಕೊಟ್ರೆ ಯಾವುದು ನಾಟಿತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ನಗಿಸಿದ್ದ.

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಇಲಿಗಳಿಗೆ ಸತ್ವ ಕೊಟ್ಟದ್ದು ವಿಷ ಕೊಡುವುದಕ್ಕೆ ಮುಂಚೆ. ಕಾಯಿಲೆ ಬಂದ ಮೇಲೆ ಕೊಟ್ಟ ಇಲಿಗಳು ಕೋಲಿನಿಂದ ಉದುರಿದ್ದವು. ಆದರೆ ಮುಂದಿನ ಸಾಲಿನಲ್ಲಿ ಅಮ್ಮ ಹಬ್ಬದ ರೇಷ್ಮೆ ಉಟ್ಟು, ನಡುಗುವ ಕೈಯನ್ನು ಇನ್ನೊಂದರಲ್ಲಿ ಅದುಮಿಕೊಂಡು ಕೂತಿದ್ದಳು. ತೇಗ್ಯು ಆ ಮಾತನ್ನು ನುಂಗಿಕೊಂಡ.

ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ, ಬೇರಿನ ಕಷಾಯ ಕುಡೀತಿದ್ದೀನಿ, ನಡುಕ ಕಮ್ಮಿ ಆಗಿದೆ ಮಗಾ ಅಂತ. ಇವನು ಮರುಪ್ರಶ್ನೆ ಹಾಕಲಿಲ್ಲ. ಇಲಿಗಳ ವಿಷಯದಲ್ಲಿ ಯಾರೇ ಹೀಗೆ ಬಾಯಿಮಾತಿನಲ್ಲಿ ಹೇಳಿದ್ದರೂ ಪುರಾವೆ ಕೇಳುತ್ತಿದ್ದವನು ಅಮ್ಮನ ಮಾತನ್ನು ಬೆಲ್ಲದ ಹಾಗೆ ಚಪ್ಪರಿಸಿದ್ದ. ನಾಚಿಕೆಗೇಡು.

ಓಕ್‌ಬುನ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೆಳಗಿನಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕೂತಿದ್ದಳು. ಕಾಯಿಲೆಯಿಂದ ಮುಖ ಮರಗಟ್ಟಿತ್ತು. ಕಣ್ಣು ಮಾತ್ರ ಮಗನನ್ನು ಕಂಡು ನಕ್ಕಿತು. ಮುಂದಿದ್ದ ಬಟ್ಟಲಲ್ಲಿ ಜಿನ್ಸೆಂಗ್ ಕಷಾಯ ಹಬೆಯಾಡುತ್ತಿತ್ತು. ದಾರಿಯಲ್ಲೇ ಡಾಕ್ಟರಿಗೆ ಫೋನು ಮಾಡಿ ಬಿಟ್ಟ ಮಾತ್ರೆ ಮತ್ತೆ ಎಷ್ಟು ಕೊಡಬೇಕೆಂದು ಕೇಳಿಕೊಂಡಿದ್ದ ತೇಗ್ಯು, ಅಕ್ಕಿ ಡಬ್ಬದಿಂದ ಪೊಟ್ಟಣ ತೆಗೆದು ಅವಳೆದುರು ಇಟ್ಟ.

"ಕಷಾಯ ಕುಡಿ, ಯಾರು ಬೇಡ ಅಂದ್ರು? ಮಾತ್ರೆ ಯಾಕಮ್ಮಾ ಬಿಟ್ಟೆ?"

"ಎರಡೂ ತಗೊಂಡು ವಾಸಿ ಆದ್ರೆ ಜನ ಮಾತ್ರೆಗೇ ಹೆಸರು ಕೊಡ್ತಾರೆ. ನೀನೇ ಹೇಳಿದ್ಯಲ್ಲೋ, ಇಲಿಗೆ ಬೇರೆ ಏನೂ ಕೊಡಲ್ಲ ಅಂತ. ಅದಕ್ಕೇ ನಾನೂ ಒಂದೇ ತಗೊಂಡೆ. ಫೋನಲ್ಲಿ ಸುಳ್ಳು ಹೇಳ್ದೆ, ನಿನ್ನ ಬೇರಿಗೆ ನಾಟೋಕೆ ಇನ್ನೊಂದಿಷ್ಟು ದಿನ ಸಿಗಲಿ ಅಂತ."

ತೇಗ್ಯು ಅವಳೆದುರು ಕೂತ. ಅಂದು ನುಂಗಿಕೊಂಡದ್ದನ್ನು ಈಗ ಕಕ್ಕಿದ. ಮುಂಚೆಯೇ ತಿಂದ ಇಲಿಗಳು ಮಾತ್ರ ಬದುಕಿಕೊಂಡವು, ಅದೂ ಬರೀ ಇಲಿಗಳು, ಮನುಷ್ಯರಿಗೆ ಹೇಗೋ ಇನ್ನೂ ಯಾರಿಗೂ ಗೊತ್ತಿಲ್ಲ ಎಂದ. ತಪ್ಪಾಯಿತು ಎಂದೂ ಹೇಳಿದ.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಮುಂದೆ ಕೂತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಗ ಬಾಯಿಗಿಟ್ಟ ಮಾತ್ರೆಯನ್ನು ನೀರಿನೊಂದಿಗೆ ನುಂಗಿದಳು. ಆಮೇಲೆ ಮುರಿಯದ ಕೈಯಿಂದ ಬಟ್ಟಲನ್ನು ಅವನತ್ತ ನೂಕಿದಳು. ನಡುಗಿದ ರಭಸಕ್ಕೆ ಕಷಾಯ ಅರ್ಧ ನೆಲಕ್ಕೆ ಚೆಲ್ಲಿತು.

"ಹಾಗಾದ್ರೆ ಇದು ನೀನು ಕುಡಿ. ನಿನಗಿನ್ನೂ ಕಾಯಿಲೆ ಬಂದಿಲ್ವಲ್ಲ."

ತೇಗ್ಯು ಎರಡೂ ಕೈಯಲ್ಲಿ ಬಟ್ಟಲು ಎತ್ತಿ, ಅವಳು ನೋಡುತ್ತಿದ್ದ ಹಾಗೆಯೇ, ತಳದ ತನಕ ಕುಡಿದ.